ಸೀಟು ಸಿಗುವ ಮೊದಲೇ ಕಾಗದ ಹೊಂದಿಸಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಿನಿಂದ ಕಾಲೇಜಿನ ತರಗತಿ ಶುರುವಾಗುವವರೆಗೆ ಮನೆಗಳಲ್ಲಿ ನಡೆಯುವ ಮಾತೆಲ್ಲ ಯಾವ ಕಾಲೇಜು, ಯಾವ ಕೋರ್ಸು, ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕು ಎಂಬುದರ ಸುತ್ತಲೇ. ವಿದ್ಯಾರ್ಥಿವೇತನದ ನೆನಪಾಗುವುದು ಶುಲ್ಕ ಕಟ್ಟಿ ಕೈ ಬರಿದಾದ ಮೇಲೆ, ಕಾಲೇಜಿನ ನೋಟಿಸ್ ಬೋರ್ಡಿಗೆ ‘ಕೊನೆಯ ದಿನಾಂಕ’ದ ಚೀಟಿ ಬಿದ್ದಾಗ. ಆಗ ಸೈಬರ್ ಸೆಂಟರಿನ ಮುಂದೆ ಸಾಲು, ಒಳಗೆ ಸರ್ವರ್ ಡೌನ್. ಸಾಲು ಕರಗಿ ಕಂಪ್ಯೂಟರಿನ ಮುಂದೆ ಕೂತರೆ ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಅಂಕವೂ ಇದ್ದು, ಆದಾಯವೂ ಮಿತಿಯೊಳಗಿದ್ದು, ಕಾಗದಗಳು ಒಂದಕ್ಕೊಂದು ತಾಳೆಯಾಗದ ಕಾರಣಕ್ಕೆ ಹಣ ಕಳೆದುಕೊಂಡ ಮಕ್ಕಳನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರೇ ಹೀಗೆ ಹೆಚ್ಚು ಸಿಕ್ಕಿಬೀಳುತ್ತಾರೆ. ಇದನ್ನು ಮೊದಲೇ ಹೇಳಿಕೊಡುವ ಅಕ್ಕನೋ ಅಣ್ಣನೋ ಅವರ ಮನೆಯಲ್ಲಿ ಇರುವುದಿಲ್ಲ.

ಅರ್ಜಿ ತುಂಬುವುದು ಎಲ್ಲ ಸರಿಯಿದ್ದರೆ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಅದಕ್ಕೂ ಮುಂಚಿನ ಕೆಲಸ ವಾರಗಳನ್ನು ಬೇಡುತ್ತದೆ. ಅದನ್ನು ಏಪ್ರಿಲ್-ಮೇ ತಿಂಗಳ ರಜೆಯಲ್ಲೇ ಮುಗಿಸಬೇಕು ಎನ್ನುವುದೇ ಈ ಬರಹದ ಒತ್ತಾಯ.

ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಹುಪಾಲು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವ ಪೋರ್ಟಲ್ ಮೂಲಕ ಹೋಗುತ್ತದೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಹಲವು ಇಲಾಖೆಗಳು ಅಲ್ಲಿವೆ. ಒಂದೊಂದು ಇಲಾಖೆಗೂ ಬೇರೆ ಬೇರೆ ಅರ್ಜಿ ಹಾಕಬೇಕಿಲ್ಲ. ಒಂದೇ ಅರ್ಜಿ ಸಾಕು, ಯಾವ ಯೋಜನೆಗೆ ಯಾರು ಅರ್ಹರು ಎಂಬುದನ್ನು ತಂತ್ರಾಂಶವೇ ವಿಂಗಡಿಸುತ್ತದೆ. ಮೊದಲು ಇಲಾಖೆಯ ಕಚೇರಿಗೆ ಜೆರಾಕ್ಸ್ ಪ್ರತಿಗಳ ಕಟ್ಟು ಹೊತ್ತು ಅಲೆಯುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಯಂತ್ರಕ್ಕೆ ಮುಖನೋಟವಿಲ್ಲ. ಮೇಜಿನ ಆಚೆ ಕೂತ ಗುಮಾಸ್ತ ‘ಇದು ಅವನದೇ ಹೆಸರು ಬಿಡಿ’ ಎಂದು ಸಹಿ ಹಾಕುತ್ತಿದ್ದ ಜಾಗದಲ್ಲಿ ಈಗ ಅಕ್ಷರಕ್ಕೆ ಅಕ್ಷರ ಹೋಲಿಸುವ ವ್ಯವಸ್ಥೆ ಕೂತಿದೆ.

ಮೊದಲ ತೊಡಕು ಹೆಸರಿನದೇ. ನಮ್ಮಲ್ಲಿ ಹೆಸರಿಡುವ ಪದ್ಧತಿ ಜಿಲ್ಲೆಗೊಂದು ಬಗೆ. ಮೈಸೂರು, ಮಂಡ್ಯ, ಹಾಸನದ ಕಡೆ ಹೆಸರಿನ ಮುಂದೆಯೋ ಹಿಂದೆಯೋ ಒಂದೆರಡು ಇನಿಷಿಯಲ್. ಧಾರವಾಡ, ವಿಜಯಪುರ, ಬೆಳಗಾವಿಯ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರಿ ಒಂದು ಸಾಲು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಒಂದು, ಊರಿಗೆ ಬಂದ ಆಧಾರ್ ಶಿಬಿರದಲ್ಲಿ ಆಪರೇಟರ್ ಒತ್ತಿದ್ದು ಇನ್ನೊಂದು. ಇನಿಷಿಯಲ್ ಒಂದರಲ್ಲಿ ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಂತೂ ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆದರೆ ಒಬ್ಬಳು, ಕೆ ಎಸ್ ಎಚ್ ಹಾಕಿ ಬರೆದರೆ ಇನ್ನೊಬ್ಬಳು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬಳೇ ಹುಡುಗಿ ಕಂಪ್ಯೂಟರಿನ ಕಣ್ಣಿಗೆ ಮೂವರಾಗಿ ಕಾಣುತ್ತಾಳೆ.

ಇದಕ್ಕೆ ದಾರಿಯೆಂದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವಾಗಿ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದು. ಅಂಕಪಟ್ಟಿಯನ್ನು ತಿದ್ದಿಸುವುದು ಶಾಲೆ, ಪರೀಕ್ಷಾ ಮಂಡಳಿ ಎಂದು ದೂರದ ದಾರಿ. ಆಧಾರ್ ತಿದ್ದುಪಡಿ ಅದಕ್ಕಿಂತ ಹತ್ತಿರ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅದಕ್ಕೇ ಅರ್ಜಿ ಕೊಡುವಾಗ ಆಪರೇಟರ್ ಏನು ಟೈಪ್ ಮಾಡುತ್ತಿದ್ದಾರೆ ಎಂಬುದನ್ನು ಅಂಕಪಟ್ಟಿ ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ನೋಡಿ. ಸಂಕೋಚ ಬೇಡ, ಅಲ್ಲಿ ಆಗುವ ತಪ್ಪಿನ ಬೆಲೆ ಕಟ್ಟುವವರು ನೀವೇ.

ಇನ್ನೊಂದು ಸಂಗತಿ ಪೋಷಕರ ಗಮನಕ್ಕೆ ಬಂದೇ ಇರುವುದಿಲ್ಲ. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದ ಮಕ್ಕಳು 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡುವುದು ಕಡ್ಡಾಯ. 15ರಿಂದ 17ರ ವಯಸ್ಸಿನೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಮಾಡಿಸದೆ ಬಿಟ್ಟರೆ ಅರ್ಜಿಯ ಹೊತ್ತಿಗೆ ಬೆರಳಿಟ್ಟರೆ ಹೊಂದುವುದಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಚಾಲ್ತಿಯಲ್ಲಿರಲಿ. ಒಟಿಪಿ ಹೋಗುವುದು ಅದಕ್ಕೇ. ಅಪ್ಪ ಎಂದೋ ಬಿಸಾಡಿದ ಸಿಮ್ಮಿಗೆ ಒಟಿಪಿ ಹೋಗುತ್ತಿದೆ ಎಂಬುದು ಕೊನೆಯ ದಿನ ತಿಳಿದರೆ ಏನು ಮಾಡಲೂ ಆಗದು.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಸಿಗುವ ಈ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿಗೆ ಬೇಕಾದದ್ದು ಆ ಸಂಖ್ಯೆ. ಅದನ್ನು ಹಾಕಿದರೆ ಕಂದಾಯ ಇಲಾಖೆಯ ದಾಖಲೆಯಿಂದ ವಿವರ ತಾನಾಗಿ ಬರುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು ಎಂಬುದನ್ನು ಮರೆಯಬಾರದು. ಒಂಬತ್ತನೇ ತರಗತಿಯಲ್ಲಿ ಮಾಡಿಸಿದ ಪತ್ರ ಡಿಗ್ರಿ ಮುಗಿಯುವ ಮೊದಲೇ ಅವಧಿ ಮೀರುತ್ತದೆ, ನಡುವಿನ ಒಂದು ವರ್ಷ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪತ್ರ ತೆಗೆದು ದಿನಾಂಕ ನೋಡಿ. ಸಿಇಟಿ ಅರ್ಜಿಯಲ್ಲೂ ಇದೇ ಆರ್‌ಡಿ ಸಂಖ್ಯೆ ಕೇಳುತ್ತಾರೆ, ಹಾಗಾಗಿ ಹೊಸದು ಬೇಕಿದ್ದರೆ ಸಿಇಟಿಗೂ ಮುಂಚೆಯೇ ಮಾಡಿಸಿದರೆ ಎರಡೂ ಕಡೆಗೆ ಒಂದೇ ಪತ್ರ ನಡೆಯುತ್ತದೆ. ಇಂಜಿನಿಯರಿಂಗ್‌ಗೆ ಹೋಗುವವರಿಗೆ ಇದರಿಂದ ಇನ್ನೊಂದು ಲಾಭವಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದವರಿಗೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಸೀಟುಗಳು, ಅಂದರೆ ಎಸ್‌ಎನ್‌ಕ್ಯೂ ಸೀಟುಗಳು ಇರುತ್ತವೆ. ಅವು ಜಾತಿ ನೋಡುವುದಿಲ್ಲ, ಆದಾಯ ಮಾತ್ರ ನೋಡುತ್ತವೆ. ಸೀಟು ಹಂಚಿಕೆಯ ಹೊತ್ತಿನಲ್ಲಿ ಹೇಳಿಕೊಳ್ಳದಿದ್ದರೆ ಆಮೇಲೆ ಯಾರೂ ಕರೆದು ಕೊಡುವುದಿಲ್ಲ.

ಮೂರನೆಯದು ಬ್ಯಾಂಕ್ ಖಾತೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಂಜೂರಾದ ಹಣವೂ ಕೈಗೆ ಬಾರದೆ ಹೋಗುವುದು ಇಲ್ಲೇ. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ವಿದ್ಯಾರ್ಥಿಗಳು ಖಚಿತವಾಗಿ ಹೇಳುತ್ತಾರೆ. ಬ್ಯಾಂಕಿನವರೂ ಆಗಿದೆ ಎನ್ನುತ್ತಾರೆ. ಆದರೂ ಹಣ ಬರುವುದಿಲ್ಲ. ಖಾತೆ ತೆರೆಯುವಾಗ ಗುರುತಿಗಾಗಿ ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಈ ಖಾತೆಗೆ ಬರಲಿ ಎಂದು ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐಯ ಪಟ್ಟಿಯಲ್ಲಿ ಆಧಾರ್ ಸಂಖ್ಯೆಯನ್ನು ಆ ಬ್ಯಾಂಕಿಗೆ ಜೋಡಿಸುವುದು ಬೇರೆ. ನೇರ ನಗದು ವರ್ಗಾವಣೆಯ, ಅಂದರೆ ಡಿಬಿಟಿಯ ಹಣಕ್ಕೆ ಖಾತೆ ಸಂಖ್ಯೆ ಬೇಕಿಲ್ಲ. ಅದು ಆಧಾರ್ ಸಂಖ್ಯೆಯನ್ನು ಹಿಡಿದು, ಎನ್‌ಪಿಸಿಐ ಪಟ್ಟಿಯಲ್ಲಿ ಯಾವ ಬ್ಯಾಂಕಿನ ಹೆಸರಿದೆಯೋ ಅಲ್ಲಿಗೆ ಹೋಗುತ್ತದೆ. ಒಬ್ಬರಿಗೆ ಎಷ್ಟು ಖಾತೆಗಳಿದ್ದರೂ ಆ ಪಟ್ಟಿಯಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು. ಹಾಗಾಗಿ ಕಾಲೇಜಿನ ಹತ್ತಿರ ತೆರೆದ ಖಾತೆಯಲ್ಲಿ ಹಣ ಬಂದಿಲ್ಲವೆಂದು ಕಾಯುತ್ತಿರುವಾಗ, ಅದು ಊರಿನಲ್ಲಿ ಶಾಲೆಯ ದಿನಗಳಲ್ಲಿ ತೆರೆದಿದ್ದ ಹಳೆಯ ಖಾತೆಯಲ್ಲಿ ಬಂದು ಕೂತಿರಬಹುದು.

ಇದನ್ನು ತಿಳಿಯಲು ಬ್ಯಾಂಕಿಗೂ ಹೋಗಬೇಕಿಲ್ಲ. ಆಧಾರ್ ಪ್ರಾಧಿಕಾರದ ‘ಮೈ ಆಧಾರ್’ ತಾಣಕ್ಕೆ ಒಟಿಪಿ ಕೊಟ್ಟು ಒಳಹೊಕ್ಕರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಕಡೆ ಬ್ಯಾಂಕಿನ ಹೆಸರು ಮತ್ತು ಅದು ಸಕ್ರಿಯವಾಗಿದೆಯೇ ಎಂಬುದು ಕಾಣುತ್ತದೆ. ಸಕ್ರಿಯವಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎಂದು ಅದೇ ಮಾತಿನಲ್ಲಿ ಕೇಳಿ ಅರ್ಜಿ ಕೊಡಿ. ಬರೀ ‘ಲಿಂಕ್ ಮಾಡಿ’ ಎಂದರೆ ಗುರುತಿನ ಪರಿಶೀಲನೆ ಮುಗಿಸಿ ಕಳಿಸಿಬಿಡುತ್ತಾರೆ. ಹಲವು ವಿದ್ಯಾರ್ಥಿಗಳ ಖಾತೆಯಲ್ಲಿ ವರ್ಷಕ್ಕೊಮ್ಮೆ ಬರುವ ಸ್ಕಾಲರ್‌ಶಿಪ್ ಬಿಟ್ಟರೆ ಬೇರೆ ವ್ಯವಹಾರವೇ ಇರುವುದಿಲ್ಲ, ಎರಡು ವರ್ಷ ಸುಮ್ಮನಿದ್ದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಪಟ್ಟಿಗೆ ಸೇರಿಸುತ್ತದೆ. ವಿದ್ಯಾರ್ಥಿವೇತನಕ್ಕಾಗಿಯೇ ತೆರೆದ ಶೂನ್ಯ ಶಿಲ್ಕಿನ ಖಾತೆಯನ್ನು ಹಾಗೆ ನಿಷ್ಕ್ರಿಯವೆಂದು ಗುರುತಿಸಬಾರದು ಎಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲೇ ಸೂಚಿಸಿದೆ, ಅದು ಆ ವರ್ಷದ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೌಂಟರಿನಲ್ಲಿ ಕೂತವರಿಗೆ ಅದು ನೆನಪಿಲ್ಲದಿದ್ದರೆ ನೀವೇ ನೆನಪಿಸಬಹುದು.

ಇಷ್ಟೆಲ್ಲ ಹೇಳುವಾಗ ಒಂದು ಮಾತು ಗಂಟಲಲ್ಲಿ ಉಳಿಯುತ್ತದೆ. ಆಧಾರ್, ಅಂಕಪಟ್ಟಿ, ಆದಾಯ ಪತ್ರ ಮೂರೂ ಸರ್ಕಾರಿ ವ್ಯವಸ್ಥೆಯೇ ಕೊಟ್ಟ ಕಾಗದಗಳು. ಅವುಗಳ ನಡುವಿನ ತಪ್ಪನ್ನು ಹೊಂದಿಸುವ ಹೊಣೆಯನ್ನು 17 ವರ್ಷದ ಹುಡುಗಿಯ ಮೇಲೆ, ಕೂಲಿ ಬಿಟ್ಟು ಅವಳ ಜೊತೆ ಕಚೇರಿಗೆ ಅಲೆಯುವ ಅಪ್ಪನ ಮೇಲೆ ಹಾಕಿದ್ದೇವೆ. ಪಿಯು ಕಾಲೇಜುಗಳಲ್ಲಿ ಜನವರಿಯಲ್ಲೇ ಒಂದು ದಿನ ಪ್ರತಿ ವಿದ್ಯಾರ್ಥಿಯ ಆಧಾರ್, ಆರ್‌ಡಿ ಸಂಖ್ಯೆ, ಬ್ಯಾಂಕ್ ಸೀಡಿಂಗ್ ಪರೀಕ್ಷಿಸಿ, ತಪ್ಪಿದ್ದವರ ಪಟ್ಟಿಯನ್ನು ನಾಡಕಚೇರಿಗೂ ಬ್ಯಾಂಕಿಗೂ ಕಳಿಸಿದರೆ ಈ ಅಲೆದಾಟದ ಬಹುಪಾಲು ತಪ್ಪುತ್ತದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಒಬ್ಬ ಉಪನ್ಯಾಸಕ ಮತ್ತು ಒಂದು ಕಂಪ್ಯೂಟರ್ ಸಾಕು.

ಪದವಿ ಕಾಲೇಜುಗಳಿಗೂ ಇಲ್ಲಿ ಪಾಲಿದೆ. ಎಸ್‌ಎಸ್‌ಪಿಗೆ ಹಾಕುವ ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರದಂಥ ದಾಖಲೆಗಳನ್ನು ಮೊದಲು ಇ-ದೃಢೀಕರಣ ಮಾಡಿಸಬೇಕು. ಅದಕ್ಕೆ ಕಾಲೇಜಿನಲ್ಲಿ ಒಬ್ಬ ಅಧಿಕಾರಿ ಇರಬೇಕು. ಅವರು ರಜೆ ಹಾಕಿದರೆ ನೂರಾರು ಮಕ್ಕಳ ಅರ್ಜಿ ಕಾಯುತ್ತದೆ. ವಿದ್ಯಾರ್ಥಿಯ ನೋಂದಣಿ ವಿವರ ವಿಶ್ವವಿದ್ಯಾಲಯದ ಕಡೆಯಿಂದ ಬರಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ಯುಯುಸಿಎಂಎಸ್ ತಂತ್ರಾಂಶದಲ್ಲಿ, ವಿಟಿಯು ಆದರೆ ಯುಎಸ್‌ಎನ್ ಸಂಖ್ಯೆಯ ಮೂಲಕ ಅದನ್ನು ಕೊಡುತ್ತವೆ. ಪ್ರವೇಶ ತಡವಾಗಿ, ನೋಂದಣಿ ಸಂಖ್ಯೆಯೇ ಹುಟ್ಟದಿದ್ದರೆ ಅರ್ಜಿ ಮುಂದೆ ಹೋಗದು. ಆಗ ಸೈಬರ್ ಸೆಂಟರಿನಲ್ಲಿ ಮತ್ತೆ ಮತ್ತೆ ದುಡ್ಡು ಕೊಟ್ಟು ಪ್ರಯತ್ನಿಸಿ ಪ್ರಯೋಜನವಿಲ್ಲ, ಕಾಲೇಜಿನ ಕಚೇರಿಯಲ್ಲೇ ಕೇಳಬೇಕು.

ಕೇಳುವುದಕ್ಕೇ ಹಿಂಜರಿಯುವ ಮಕ್ಕಳಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಂತರೆ ಗೆಳೆಯರು ಏನೆಂದುಕೊಂಡಾರು ಎಂಬ ನಾಚಿಕೆ. ವಾರಾನ್ನದ ಮನೆಗಳಲ್ಲಿ ದಿನಕ್ಕೊಂದು ಬಾಗಿಲು ಬಡಿದು ಓದಿದ ಹಿರಿಯರ ನಾಡು ಇದು. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಮೂರು ವರ್ಷಕ್ಕೆಂದು ಕೊಟ್ಟ ತಿಂಗಳಿಗೆ 11.5 ಪೌಂಡ್ ವಿದ್ಯಾರ್ಥಿವೇತನದಿಂದ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ದೇಶದಲ್ಲಿ 1944ರಿಂದ ನಡೆದುಬಂದಿದೆ. ಆಗ ಅದೇ ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಒಬ್ಬ ರಾಜನ ಔದಾರ್ಯವಾಗಿದ್ದದ್ದು ಸರ್ಕಾರದ ಬಾಧ್ಯತೆಯಾಗಿ ಬದಲಾದ ಕಥೆ ಅದು. ಅರ್ಜಿ ಹಾಕುವ ವಿದ್ಯಾರ್ಥಿ ಬೇಡುತ್ತಿಲ್ಲ, ತನಗೆ ಸಲ್ಲಬೇಕಾದದ್ದನ್ನು ಕೇಳುತ್ತಿದ್ದಾನೆ.

ಏನೇನು ಸಿಗುತ್ತದೆ ಎಂಬುದು ಮನೆಯ ಸ್ಥಿತಿಯ ಮೇಲೆ ನಿಂತಿದೆ. ಊರು ಬಿಟ್ಟು ಓದುವವರು ಮೊದಲು ಸರ್ಕಾರಿ ಹಾಸ್ಟೆಲಿಗೆ ಪ್ರಯತ್ನಿಸಬೇಕು. ಅದರ ಅರ್ಜಿ ಎಸ್‌ಎಸ್‌ಪಿಯಲ್ಲಿಲ್ಲ, ಪ್ರತ್ಯೇಕ ಹಾಸ್ಟೆಲ್ ಪೋರ್ಟಲ್‌ನಲ್ಲಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ವಿದ್ಯಾಸಿರಿ ಶುರುವಾಯಿತು. ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಅಂದು ನಿಗದಿಯಾದ ಮೊತ್ತ. ಜಿಲ್ಲಾ ಕೇಂದ್ರದಲ್ಲಿ ನಾಲ್ವರು ಸೇರಿ ಒಂದು ರೂಮು ಮಾಡಿಕೊಂಡು ಅಡುಗೆ ಬೇಯಿಸಿಕೊಳ್ಳುವ ಹುಡುಗರಿಗೆ ಓದು ಬಿಡುವುದಕ್ಕೂ ಮುಂದುವರಿಸುವುದಕ್ಕೂ ನಡುವಿನ ವ್ಯತ್ಯಾಸ ಅಷ್ಟರಲ್ಲೇ ಇದೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಬೇರೆಯಾಗಿ ಇದೆ. ದ್ವಿತೀಯ ಪಿಯುಸಿಗೆ 20,000 ರೂಪಾಯಿ, ಪದವಿಗೆ 25,000. ಇದನ್ನು ಫಲಿತಾಂಶದ ನಂತರ ಪ್ರತ್ಯೇಕವಾಗಿ ಕೇಳಬೇಕು ಎಂಬುದು ಗೊತ್ತಿಲ್ಲದೆ ಬಿಟ್ಟವರು ಎಷ್ಟೋ ಜನ.

ಕೇಂದ್ರದ ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್‌ಎಸ್‌ಪಿ. ಅಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಿ ಓಟಿಆರ್ ಸಂಖ್ಯೆ ಪಡೆಯಬೇಕು, ಅದು ಓದು ಮುಗಿಯುವವರೆಗೂ ಅದೇ. ಹನ್ನೆರಡನೇ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ 20ರ ಪಟ್ಟಿಯಲ್ಲಿರುವ, ಕುಟುಂಬದ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ ಸಿಗುತ್ತದೆ. ಇದು ಯಾವ ಜಾತಿಯವರಿಗೂ ತೆರೆದದ್ದು, ಆದರೆ ಬೇರೆ ವಿದ್ಯಾರ್ಥಿವೇತನದ ಜೊತೆ ಇದನ್ನು ಪಡೆಯುವಂತಿಲ್ಲ. ಯಾವುದು ಹೆಚ್ಚು ಎಂದು ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಇಂಜಿನಿಯರಿಂಗ್ ಅಥವಾ ಡಿಪ್ಲೊಮಾಕ್ಕೆ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇಯ ಪ್ರಗತಿ ಯೋಜನೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಆದಾಯದ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರವರೆಗೆ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಅಷ್ಟೇ ಮೊತ್ತದ ಸಕ್ಷಮ್ ಇದೆ. ಸರ್ಕಾರಿ ಶಾಲೆ ಕಾಲೇಜುಗಳಲ್ಲೇ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಓದಿ ಮುಂದೆ ಹೋಗುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವರ್ಷಕ್ಕೆ 30,000 ರೂಪಾಯಿಯ ನೆರವು ಈಗ ಕರ್ನಾಟಕಕ್ಕೂ ಬಂದಿದೆ. ಅಪ್ಪ ಅಮ್ಮ ಕಟ್ಟಡ ಕಾರ್ಮಿಕರಾಗಿದ್ದು ಕಲ್ಯಾಣ ಮಂಡಳಿಯ ಕಾರ್ಡು ಇದ್ದರೆ ಮಂಡಳಿಯ ಶೈಕ್ಷಣಿಕ ಸಹಾಯಧನ ಕೇಳಬಹುದು, ಕಾರ್ಡು ನವೀಕರಣವಾಗಿದೆಯೇ ಎಂದು ನೋಡಿಕೊಳ್ಳಿ.

ಈಗ ಕಷ್ಟದ ಭಾಗಕ್ಕೆ ಬರೋಣ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಮರುರೂಪಿಸಿತು. ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲು, ಶುಲ್ಕದ ಹಣವೂ ಸೇರಿ, ಈಗ ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ನಡುವೆ ಹಣ ಸೋರದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಖಾತೆಗೆ ಬಂದದ್ದರಲ್ಲಿ ಕಾಲೇಜಿಗೆ ಕಟ್ಟಬೇಕಾದ ಶುಲ್ಕ ಎಷ್ಟು, ತನ್ನ ಖರ್ಚಿನ ಹಣ ಎಷ್ಟು ಎಂದು ವಿದ್ಯಾರ್ಥಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಅಮ್ಮನ ಔಷಧಿಗೋ ಬಿತ್ತನೆ ಬೀಜಕ್ಕೋ ಖರ್ಚಾದ ಮೇಲೆ ಕಾಲೇಜಿನಿಂದ ಬಾಕಿಯ ನೋಟಿಸ್ ಬರುತ್ತದೆ. ಹಣ ಬಂದ ದಿನವೇ ಎಸ್‌ಎಸ್‌ಪಿಯಲ್ಲಿ ಮಂಜೂರಾತಿ ವಿವರ ತೆಗೆದು, ಶುಲ್ಕದ ಪಾಲನ್ನು ಕಾಲೇಜಿಗೆ ಕಟ್ಟಿ ರಸೀದಿ ಪಡೆಯುವುದು ಸುರಕ್ಷಿತ. ಇನ್ನೂ ಬಂದಿಲ್ಲದಿದ್ದರೆ ಅರ್ಜಿಯ ಸ್ವೀಕೃತಿ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕಾಲಾವಕಾಶ ಕೇಳಿ, ಒಂದು ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಕೆಲವು ಕಡೆ ಶುಲ್ಕ ಕಟ್ಟುವವರೆಗೆ ಮೂಲ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವ ರೂಢಿ ಇದೆ. ಮೂಲ ದಾಖಲೆಗಳನ್ನು ಪರಿಶೀಲಿಸಿ ಮರಳಿಸಬೇಕು, ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ.

ಇಷ್ಟರ ಮೇಲೂ ಹಣ ಸಾಲದಿದ್ದರೆ ಸಾಲ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಶೇ 2ರ ಬಡ್ಡಿಯಲ್ಲಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬ್ಯಾಂಕಿನ ದಾರಿ ಹಿಡಿಯುವುದಾದರೆ, 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ, ಅದೂ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಸೀಟು ಆರಿಸಿಕೊಳ್ಳುವಾಗಲೇ ನೋಡಿ. ಓದುವ ವರ್ಷಗಳಲ್ಲಿ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳಿದರೆ, ಆ ಅವಧಿಯ ಬಡ್ಡಿ ಯಾರ ತಲೆಗೆ ಎಂದು ಅಲ್ಲೇ ಕೇಳಿ ತಿಳಿಯಿರಿ. ಸಾಲವನ್ನು ಮೊದಲು ಹಿಡಿದು ವಿದ್ಯಾರ್ಥಿವೇತನವನ್ನು ಆಮೇಲೆ ನೋಡೋಣ ಎನ್ನುವವರನ್ನು ನಾನು ತಡೆಯುತ್ತೇನೆ.

ಅರ್ಜಿ ಹಾಕಿದ ಮೇಲೆ ಸುಮ್ಮನೆ ಕೂರಬಾರದು. ಎಸ್‌ಎಸ್‌ಪಿ ಐಡಿ, ಪಾಸ್‌ವರ್ಡ್ ಎರಡನ್ನೂ ಸೈಬರ್ ಸೆಂಟರಿನವರ ಡೈರಿಯಲ್ಲಿ ಬಿಡದೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸ್ಥಿತಿ ನೋಡಿ. ತಿರಸ್ಕೃತವಾಗಿದ್ದರೆ ಕಾರಣವನ್ನೂ ಅಲ್ಲೇ ಕೊಟ್ಟಿರುತ್ತಾರೆ, ಆ ಪುಟದ ಪ್ರತಿ ತೆಗೆದುಕೊಂಡು ನಿಮ್ಮ ಇಲಾಖೆಯ ತಾಲ್ಲೂಕು ಕಲ್ಯಾಣಾಧಿಕಾರಿಯ ಕಚೇರಿಗೆ ಹೋಗಿ. ಬಾಯಿಮಾತಿನ ದೂರಿಗಿಂತ ಬರೆದು ಕೊಟ್ಟ ಒಂದು ಹಾಳೆಗೆ ಬೆಲೆ ಹೆಚ್ಚು. ‘ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಯಾವ ಇಲಾಖೆಯೂ ಹಾಗೆ ಕೇಳುವುದಿಲ್ಲ.

ಒಮ್ಮೆ ಸಿಕ್ಕಿತೆಂದರೆ ಪ್ರತಿ ವರ್ಷ ತಾನಾಗಿ ಬರುತ್ತದೆ ಎಂಬ ನಂಬಿಕೆಯೂ ತಪ್ಪು. ಎರಡನೇ ವರ್ಷಕ್ಕೂ ಮೂರನೇ ವರ್ಷಕ್ಕೂ ಅರ್ಜಿ ಮತ್ತೆ ಹಾಕಬೇಕು. ಕೊನೆಯ ವರ್ಷದ ಹಣ ಎಷ್ಟೋ ಸಲ ಪರೀಕ್ಷೆ ಮುಗಿದು, ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಮೇಲೆ ಬರುತ್ತದೆ. ಅಷ್ಟರಲ್ಲಿ ಹೊಸ ಕಂಪನಿಯವರು ಸಂಬಳಕ್ಕೆಂದು ತೆರೆಸಿದ ಖಾತೆಯಲ್ಲಿ ಆಧಾರ್ ಸೀಡಿಂಗ್ ಆಗಿದ್ದರೆ ಸ್ಕಾಲರ್‌ಶಿಪ್ ಹಣವೂ ಅಲ್ಲಿಗೇ ಜಮೆಯಾಗುತ್ತದೆ, ಊರಿನ ಪಾಸ್‌ಬುಕ್ಕಿನಲ್ಲಿ ಹುಡುಕಿದರೆ ಕಾಣುವುದಿಲ್ಲ. ಹಾಗೆ ಸೀಡಿಂಗ್ ಬದಲಾಗಿಲ್ಲದಿದ್ದರೆ ಹಳೆಯ ಖಾತೆಯನ್ನು ಮುಚ್ಚದೆ, ಹಳೆಯ ಸಿಮ್ಮನ್ನೂ ಬಿಡದೆ, ಆ ಕೊನೆಯ ಕಂತು ಬರುವವರೆಗೆ ಉಳಿಸಿಕೊಳ್ಳಿ.